ಅಣಕ ಸುದ್ದಿಯನ್ನು ನಿಜವೆಂದು ಹಂಚುವ ಮುನ್ನ: ಎಡವುವುದು ಎಲ್ಲಿ, ಪತ್ತೆ ಹಚ್ಚುವುದು ಹೇಗೆ

2012ರ ಸೆಪ್ಟೆಂಬರಿನಲ್ಲಿ ಇರಾನಿನ ಫಾರ್ಸ್ ಸುದ್ದಿಸಂಸ್ಥೆ ಒಂದು ಸಮೀಕ್ಷೆಯ ವರದಿ ಪ್ರಕಟಿಸಿತು. ಅಮೆರಿಕದ ಹಳ್ಳಿಗಾಡಿನ ಬಿಳಿಯರು ಒಬಾಮಗಿಂತ ಇರಾನಿನ ಆಗಿನ ಅಧ್ಯಕ್ಷ ಅಹ್ಮದಿನೆಜಾದ್ ಅವರನ್ನೇ ಹೆಚ್ಚು ಇಷ್ಟಪಡುತ್ತಾರೆ ಎಂದು ಸಮೀಕ್ಷಾ ಸಂಸ್ಥೆ ಗ್ಯಾಲಪ್ ಕಂಡುಕೊಂಡಿದೆ ಎಂಬುದು ಅದರ ಸಾರ. ಅಂಥ ಸಮೀಕ್ಷೆ ನಡೆದೇ ಇರಲಿಲ್ಲ. ಅಮೆರಿಕದ ಅಣಕ ಪತ್ರಿಕೆ 'ದಿ ಆನಿಯನ್' ಬರೆದದ್ದನ್ನು ಫಾರ್ಸ್ ಹೆಚ್ಚುಕಡಿಮೆ ಪದಶಃ ಎತ್ತಿಕೊಂಡಿತ್ತು. ಮೂಲದಲ್ಲಿ ಅಹ್ಮದಿನೆಜಾದ್ ಅವರನ್ನೇ ಕುಟುಕುವ ಮಾತೊಂದಿತ್ತು. ಅದು ಮಾತ್ರ ಮಾಯವಾಗಿತ್ತು. ಅಂದರೆ ಯಾರೋ ಕೂತು ಓದಿ ತಿದ್ದಿದ್ದಾರೆ, ಆದರೂ ಅನುಮಾನ ಹುಟ್ಟಿಲ್ಲ. ಕ್ಷಮೆ ಕೇಳುವಾಗಲೂ, ಮುಕ್ತ ಸಮೀಕ್ಷೆ ನಡೆದರೆ ಫಲಿತಾಂಶ ಹಾಗೆಯೇ ಬರುತ್ತದೆ ಎಂಬರ್ಥದ ಸಮಜಾಯಿಷಿ ಸೇರಿಸಿದ್ದರು.

ಎಡವಟ್ಟಿನ ಬೇರು ಆ ಸಮಜಾಯಿಷಿಯಲ್ಲೇ ಇದೆ. ನಾವು ಮೊದಲೇ ನಂಬಿದ್ದನ್ನು ಹೇಳುವ ಸುದ್ದಿಯನ್ನು ಪರೀಕ್ಷಿಸಲು ಕೈ ಏಳುವುದಿಲ್ಲ. ಎದುರಾಳಿ ನಾಯಕ ಮೂರ್ಖ ಎಂದು ಒಪ್ಪಿಕೊಂಡವರಿಗೆ ಅವರ ಬಾಯಿಗೆ ತುರುಕಿದ ಯಾವ ಮೂರ್ಖ ಮಾತೂ ಅಸಾಧ್ಯ ಅನಿಸದು. ಹಾಗಾಗಿ ಸುದ್ದಿ ಓದಿದ ಕೂಡಲೇ 'ನೋಡಿ, ನಾನು ಹೇಳಿರಲಿಲ್ಲವೇ' ಎಂದು ಮನಸ್ಸು ಕುಣಿದರೆ, ಫಾರ್ವರ್ಡ್ ಒತ್ತುವ ಬೆರಳನ್ನು ಅಲ್ಲೇ ತಡೆಯಬೇಕು.

ಬಲಿಯಾದವರು ಬಹಳ. 2002ರಲ್ಲಿ ಬೀಜಿಂಗಿನ ಸಂಜೆಪತ್ರಿಕೆಯೊಂದು, ಹೊಸ ಕಟ್ಟಡ ಕಟ್ಟಿಸಿಕೊಡದಿದ್ದರೆ ಅಮೆರಿಕದ ಕಾಂಗ್ರೆಸ್ ವಾಷಿಂಗ್ಟನ್ ಬಿಟ್ಟು ಹೋಗುವುದಾಗಿ ಬೆದರಿಸಿದೆ ಎಂದು ಅಚ್ಚು ಹಾಕಿತು. 2009ರಲ್ಲಿ ಬಾಂಗ್ಲಾದೇಶದ ಎರಡು ಪತ್ರಿಕೆಗಳು, ಚಂದ್ರನ ಮೇಲೆ ಇಳಿದದ್ದು ಸುಳ್ಳೆಂದು ನೀಲ್ ಆರ್ಮ್‌ಸ್ಟ್ರಾಂಗ್ ಒಪ್ಪಿಕೊಂಡರೆಂದು ಬರೆದು ಕ್ಷಮೆ ಕೇಳಿದವು. ಎರಡಕ್ಕೂ ಮೂಲ ಆನಿಯನ್ನೇ. ನಮ್ಮಲ್ಲೂ ಹೀಗಾಗಿದೆ. 370ನೇ ವಿಧಿ ತೆಗೆದರೆ ಭೂಕಂಪವಾಗುತ್ತದೆ ಎಂಬ ಮಾತನ್ನು 2014ರಲ್ಲಿ 'ಫೇಕಿಂಗ್ ನ್ಯೂಸ್' ಎಂಬ ವಿಡಂಬನೆಯ ತಾಣ ಒಮರ್ ಅಬ್ದುಲ್ಲಾ ಹೆಸರಿನಲ್ಲಿ ಬರೆದಿತ್ತು. 2020ರ ಫೆಬ್ರವರಿಯಲ್ಲಿ ಅದು ಲೋಕಸಭೆಯಲ್ಲಿ ಪ್ರಧಾನಿಯ ಭಾಷಣದೊಳಗೆ ಅಬ್ದುಲ್ಲಾ ಅವರ ನಿಜವಾದ ಹೇಳಿಕೆಯಾಗಿ ಬಂತು.

ಬರೆದಾಗ ಅದು ಅಣಕವೇ ಆಗಿರುತ್ತದೆ, ಸುಳ್ಳಾಗುವುದು ದಾರಿಯಲ್ಲಿ. ತಾಣದಲ್ಲಿ ಓದುವವರಿಗೆ ತಾಣದ ಹೆಸರು, ದಿನಾಂಕ, ಪಕ್ಕದಲ್ಲಿರುವ ಇನ್ನಷ್ಟು ವಿಚಿತ್ರ ಶೀರ್ಷಿಕೆಗಳು, ಪುಟದ ತಳದ 'ಇದು ಕಾಲ್ಪನಿಕ' ಎಂಬ ಸಾಲು, ಎಲ್ಲವೂ ಸುಳಿವು ಕೊಡುತ್ತವೆ. ಸ್ಕ್ರೀನ್‌ಶಾಟ್ ತೆಗೆದ ಕ್ಷಣ ಇವೆಲ್ಲ ಹೋಗಿ ಶೀರ್ಷಿಕೆ, ಚಿತ್ರ ಎರಡೇ ಉಳಿಯುತ್ತವೆ. ಅನುವಾದವಾದರೆ ಇನ್ನೂ ಕಷ್ಟ, ಏಕೆಂದರೆ ಭಾಷೆಯ ಕುಹಕ ಕರಗಿ ಸಪ್ಪೆ ವರದಿಯ ಧಾಟಿ ಬಂದುಬಿಡುತ್ತದೆ. ಯಂತ್ರಗಳೂ ಇಲ್ಲಿ ಸೋಲುತ್ತವೆ. ದಿನಕ್ಕೊಂದು ಸಣ್ಣ ಕಲ್ಲು ತಿನ್ನಿ ಎಂದು 2024ರ ಮೇ ತಿಂಗಳಲ್ಲಿ ಗೂಗಲ್‌ನ ಎಐ ಸಾರಾಂಶ ಸಲಹೆ ಕೊಟ್ಟದ್ದಕ್ಕೂ ಮೂಲ ಆನಿಯನ್ ಲೇಖನ. ಅದರ ಪ್ರತಿ ಬೇರೊಂದು ಕಂಪನಿಯ ತಾಣದಲ್ಲಿ ಇತ್ತು.

ಆದ್ದರಿಂದ ಪತ್ತೆ ಹಚ್ಚುವ ಕೆಲಸವೆಂದರೆ ಮೂಲಕ್ಕೆ ಹಿಂದಿರುಗುವುದು. ಬರೀ ಶೀರ್ಷಿಕೆ ಹುಡುಕಿದರೆ ಪ್ರತಿಗಳೇ ಸಿಗುತ್ತವೆ. ಒಳಗಿನ ಒಂದು ವಿಲಕ್ಷಣ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಹುಡುಕಾಟದ 'ಟೂಲ್ಸ್' ಆಯ್ಕೆಯಲ್ಲಿ ದಿನಾಂಕದ ಮಿತಿಯನ್ನು ಹಿಂದಕ್ಕೆ ಸರಿಸುತ್ತಾ ಹೋಗಿ. ಅತಿ ಹಳೆಯ ಪುಟ ಸಿಕ್ಕಲ್ಲಿ ನಿಲ್ಲಿ. ಸುದ್ದಿ ಹೊರದೇಶದ್ದಾದರೆ ಆ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಮತ್ತೆ ಹುಡುಕಿ. ಚಿತ್ರವಾಗಿ ಬಂದಿದ್ದರೆ, ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಮೂಲ ತಾಣ ಸಿಕ್ಕಿತೆಂದು ಸಮಾಧಾನ ಬೇಡ. ಅದರ ಪರಿಚಯ ಪುಟ ಓದಿ, ಮುಖಪುಟದ ಇತರ ನಾಲ್ಕೈದು ಶೀರ್ಷಿಕೆಗಳನ್ನೂ ನೋಡಿ. ಬಹುತೇಕ ಸಲ ಅಲ್ಲಿಗೇ ಉತ್ತರ ಸಿಗುತ್ತದೆ.

ನಾಯಕರ ಹೇಳಿಕೆಯಾದರೆ ಎಲ್ಲಿ, ಯಾವತ್ತು, ಯಾರ ಎದುರು ಎಂಬ ಮೂರೂ ಇರಬೇಕು. ಸದನದಲ್ಲಿ ಆಡಿದ ಮಾತಾದರೆ ನಡಾವಳಿಯಲ್ಲಿ ಇರುತ್ತದೆ, ಸಭೆಯದಾದರೆ ವಿಡಿಯೊ ಇರುತ್ತದೆ. ಸಮೀಕ್ಷೆಯಾದರೆ ಎಷ್ಟು ಜನರನ್ನು ಯಾವ ದಿನಗಳಲ್ಲಿ ಕೇಳಿದರು ಎಂಬುದನ್ನು ಆ ಸಂಸ್ಥೆಯ ತಾಣದಲ್ಲೇ ನೋಡಿ. ಫಾರ್ಸ್ ಇದೊಂದನ್ನು ಮಾಡಿದ್ದರೂ ಸಾಕಿತ್ತು. ಟಿವಿ ವಾಹಿನಿಯ ಲೋಗೊ ಇರುವ ಕಾರ್ಡ್ (ಸುದ್ದಿ ಬರೆದ ಚಿತ್ರ) ಬಂದರೆ, ಅದೇ ದಿನ ಆ ವಾಹಿನಿಯ ಅಧಿಕೃತ ಪುಟದಲ್ಲಿ ಅದು ಇದೆಯೇ ನೋಡಿ, ಅಕ್ಷರದ ವಿನ್ಯಾಸವನ್ನು ಹೋಲಿಸಿ.

ವಾಟ್ಸಾಪ್‌ನ ಜೋಡಿ ಬಾಣದ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಗುರುತು ಉಪಯುಕ್ತ. 2020ರ ಏಪ್ರಿಲ್‌ನಿಂದ ಅಂಥ ಸಂದೇಶವನ್ನು ಒಂದು ಬಾರಿಗೆ ಒಂದೇ ಚಾಟ್‌ಗೆ ಕಳಿಸಬಹುದು. ಆದರೆ ಯಾರಾದರೂ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡು ಹೊಸದಾಗಿ ಕಳಿಸಿದರೆ ಆ ಗುರುತು ಅಳಿಸಿಹೋಗುತ್ತದೆ. ಗುರುತಿಲ್ಲ ಎಂದ ಮಾತ್ರಕ್ಕೆ ಕಳಿಸಿದವರೇ ಅದನ್ನು ಕಂಡು ಬರೆದರು ಎಂದುಕೊಳ್ಳಬೇಡಿ.

ಇನ್ನೊಂದು ಮೋಸವೂ ಇದೆ, ನಮಗೆ ಹೆಚ್ಚು ಸಿಟ್ಟು ತರಿಸುವುದು ಇದೇ. ಕೆಲವರು ಹಸಿ ಸುಳ್ಳನ್ನು ಗಂಭೀರ ವರದಿಯಂತೆ ಬರೆದು, ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ 'ವಿಡಂಬನೆ' ಎಂದು ಹಾಕಿ, ಸಿಕ್ಕಿಬಿದ್ದಾಗ ಅದನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ. ವಿಡಂಬನೆಯಲ್ಲಿ ಉತ್ಪ್ರೇಕ್ಷೆ ಎದ್ದು ಕಾಣುತ್ತದೆ, ಅಧಿಕಾರದಲ್ಲಿರುವ ಯಾರನ್ನೋ ಚುಚ್ಚುವ ಉದ್ದೇಶ ತಿಳಿಯುತ್ತದೆ. ನಗು ಒಂದು ಸಾಲಿನಲ್ಲೂ ಇಲ್ಲದೆ, ಒಂದು ಸಮುದಾಯದ ಮೇಲೆ ದ್ವೇಷ ಹುಟ್ಟಿಸುವುದಷ್ಟೇ ಕೆಲಸವಾಗಿದ್ದರೆ ಆ ಪದಕ್ಕೆ ಬೆಲೆ ಕೊಡಬೇಕಿಲ್ಲ.

ಅಣಕ ಬರೆಯುವವರಿಗೂ ಒಂದು ಮಾತು. ಲಿಂಕ್ ಹಂಚಿದಾಗ ಕಾಣುವುದು ಶೀರ್ಷಿಕೆ, ಚಿತ್ರ, ತಾಣದ ವಿಳಾಸ ಇಷ್ಟೇ. ಆದ್ದರಿಂದ 'ವಿಡಂಬನೆ' ಎಂಬ ಪದ ಶೀರ್ಷಿಕೆಯೊಳಗೇ ಇರಲಿ. ಕಾರ್ಡ್ ಮಾಡಿದರೆ ಅಂಚಿನಲ್ಲಿ ಬರೆಯಬೇಡಿ, ಕತ್ತರಿಸಿ ತೆಗೆಯುತ್ತಾರೆ. ಕತ್ತರಿಸಿದರೆ ಚಿತ್ರವೇ ಕೆಡುವ ಹಾಗೆ ನಡುವೆ ಅಡ್ಡಲಾಗಿ ಬರೆಯಿರಿ. ನಿಜವಾದ ವಾಹಿನಿಯ ಲೋಗೊ ಬಳಸಬೇಡಿ.

ಈಗಾಗಲೇ ಕಳಿಸಿಬಿಟ್ಟಿದ್ದರೆ ವಾಟ್ಸಾಪ್‌ನಲ್ಲಿ ಎರಡು ದಿನಕ್ಕಿಂತ ತುಸು ಹೆಚ್ಚಿನ ಅವಧಿಯೊಳಗೆ 'ಎಲ್ಲರಿಗೂ ಅಳಿಸಿ' ಆಯ್ಕೆ ಕೆಲಸ ಮಾಡುತ್ತದೆ. ಆದರೆ ಬೇರೆಯವರು ಮುಂದೆ ಕಳಿಸಿದ ಪ್ರತಿಗಳು ಉಳಿಯುತ್ತವೆ. ಹಾಗಾಗಿ ಮೊದಲು ಅದೇ ಗುಂಪಿನಲ್ಲಿ, ಸುದ್ದಿ ಏನಿತ್ತು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ, ಅದು ಅಣಕವೆಂದು ತಿಳಿಸಿ, ಮೂಲದ ಲಿಂಕ್ ಹಾಕಿ, ಆಮೇಲೆ ಅಳಿಸಿ. ಸುಮ್ಮನೆ ಅಳಿಸಿದರೆ, ಓದಿದವರ ತಲೆಯಲ್ಲಿ ಅದು ನಿಜ ಸುದ್ದಿಯಾಗಿಯೇ ಕೂತಿರುತ್ತದೆ. ಆ ಚಿತ್ರವನ್ನು ಮತ್ತೆ ಹಾಕಲೇಬೇಕಾದರೆ ಅದರ ಮೇಲೆ ದಪ್ಪನೆಯ ಕೆಂಪು ಗೆರೆ ಎಳೆದು 'ನಿಜವಲ್ಲ' ಎಂದು ಬರೆದೇ ಹಾಕಿ.