ಬಟಾಣಿ ಹಾಕೋಕೆ ಯಾವ ಬೀಜ: ಅಂಗಡಿಯದಾ, ಪ್ಯಾಕೆಟ್‌ದಾ?

ಪುಣೆಯ ಬಾಲ್ಕನಿಗೆ ಕಿರಾಣಿ ಅಂಗಡಿಯ ಒಣ ಬಟಾಣಿ ಸಾಕಾ, ಅರ್ಕೆಲ್ ಅನ್ನೋ ಬಟಾಣಿ ತಳಿಯ ಬೀಜದ ಪ್ಯಾಕೆಟ್ಟೇ ತರಬೇಕಾ ಅಂತ ಕೇಳಿದ್ದೀರಿ. ಯಾವುದಾದರೂ ಸರಿ, ಬಿತ್ತನೆ ಮಾತ್ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಆಗಲಿ.

ಖರ್ಚು ನೋಡಿದರೆ ಅಂಗಡಿಯದೇ ಅಗ್ಗ, ಅಡುಗೆಮನೆ ಡಬ್ಬಿಯಲ್ಲೇ ಇರುತ್ತದೆ ಅಲ್ವಾ? ಆದರೆ ಕಾಳು ಎಷ್ಟು ಹಳೆಯದೋ ಗೊತ್ತಾಗುವುದಿಲ್ಲ. ಹತ್ತು ಕಾಳು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಏಳೆಂಟು ಮೊಳೆತರೆ ಧೈರ್ಯವಾಗಿ ಹಾಕಿ.

ರುಚಿಗೆ ನನ್ನ ಓಟು ಅರ್ಕೆಲ್‌ಗೆ. ಅದರ ಒಣಬೀಜ ಸುಕ್ಕುಸುಕ್ಕಾಗಿರುತ್ತದೆ, ಅಂಥ ತಳಿಯ ಹಸಿ ಕಾಳಿನಲ್ಲಿ ಸಕ್ಕರೆ ಜಾಸ್ತಿ, ಹಿಟ್ಟಿನಂಶ ಕಡಿಮೆ. ಅಂಗಡಿಯ ನುಣುಪು ಗುಂಡು ಕಾಳು ಉಸಳಿಗೆ ಚೆನ್ನ, ಬಿಡಿಸಿಕೊಂಡು ಹಸಿಯಾಗಿ ತಿನ್ನೋಕೆ ಸಪ್ಪೆ. ಅರ್ಕೆಲ್ ಗಿಡ್ಡ ಗಿಡ, ಕುಂಡದಲ್ಲಿ ನಾಲ್ಕು ಕಡ್ಡಿ ನೆಟ್ಟರೆ ಸಾಕು. ಅಂಗಡಿಯದು ಎಷ್ಟೆತ್ತರ ಹಬ್ಬುತ್ತದೋ ಹೇಳೋಕಾಗಲ್ಲ, ದಾರ ಕಟ್ಟಿಡಿ. ಪ್ಯಾಕೆಟ್ ಬೀಜಕ್ಕೆ ಗುಲಾಬಿ ಪುಡಿ ಮೆತ್ತಿದ್ದರೆ ಅದು ಔಷಧ. ಮಕ್ಕಳ ಕೈಗೆ ಕೊಡಬೇಡಿ, ಉಳಿದದ್ದನ್ನು ಸಾರಿಗೂ ಹಾಕಬೇಡಿ!

ಬೀಜ ಉಳಿಸೋಕೆ ಎರಡೂ ಸುಲಭ. ಬಟಾಣಿ ಹೂವು ಅರಳುವ ಮೊದಲೇ ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ, ಹಾಗಾಗಿ ಅಕ್ಕಪಕ್ಕ ಬೆಳೆದರೂ ತಳಿ ಕಲಬೆರಕೆ ಆಗುವುದು ಅಪರೂಪ. ಒಂದೆರಡು ಒಳ್ಳೆಯ ಗಿಡದ ಕಾಯಿ ಕೀಳದೆ ಬಿಡಿ, ಸಿಪ್ಪೆ ಕಾಗದದಂತಾಗಿ ಅಲ್ಲಾಡಿಸಿದಾಗ ಗಲಗಲ ಅನ್ನಬೇಕು. ಚೆನ್ನಾಗಿ ಒಣಗಿಸಿ ಬಾಟಲಿಗೆ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಟ್ಟರೆ ಹುಳದ ಕಾಟವಿಲ್ಲ. ವರ್ಷವರ್ಷ ಒಂದೇ ಥರದ ಗಿಡ ಬೇಕಿದ್ದರೆ ಅರ್ಕೆಲ್ ಬೀಜವನ್ನೇ ಇಟ್ಟುಕೊಳ್ಳಿ, ಅಂಗಡಿಯದರಲ್ಲಿ ತಳಿಗಳು ಬೆರೆತಿರಬಹುದು.

ಮುಂಬೈ, ಗೋವಾದವರಿಗೆ ಲೆಕ್ಕ ಬೇರೆ. ಸೆಕೆಗೆ ಹೂವು ಉದುರುತ್ತದೆ, ಕಾಯಿಯ ಆಸೆ ಕಡಿಮೆ ಇಟ್ಟುಕೊಳ್ಳಿ. ಅಲ್ಲಿ ಅಂಗಡಿ ಕಾಳನ್ನೇ ಟ್ರೇನಲ್ಲಿ ಒತ್ತಾಗಿ ಬಿತ್ತಿ, ಗೇಣುದ್ದದ ಎಳೆ ಕುಡಿ ಕತ್ತರಿಸಿ ಪಲ್ಯ ಮಾಡಿ.