600 ರೂಪಾಯಿಯ ವೈರು, 19,500ರ ಕೇಬಲ್ಲು

ಮೊದಲೇ ಹೇಳಿಬಿಡುತ್ತೇನೆ, ದುಬಾರಿ ಆಡಿಯೋ ಕೇಬಲ್ಲಿಗೂ ಮಾಮೂಲಿ ವೈರಿಗೂ ನಮ್ಮ ಮನೆಯಲ್ಲಿ ನಡೆದ ಪಂದ್ಯದಲ್ಲಿ ಗೆದ್ದಿದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನ ವೈರು. ಮಾಮೂಲಿ ತಾಮ್ರದ ಎರಡೆಳೆ ವೈರು, 2.5 ಚದರ ಮಿಲಿಮೀಟರ್ ದಪ್ಪ, 6 ಮೀಟರಿಗೆ 600 ರೂಪಾಯಿ. ಸೋತಿದ್ದು ದೊಡ್ಡ ಆಡಿಯೋ ಅಂಗಡಿಯಲ್ಲಿ ಕೊಂಡ ಮೂರು ಸಾಮಾನು: ಸ್ಪೀಕರ್ ಕೇಬಲ್ 9,500, ಪವರ್ ಕಾರ್ಡ್ 7,000, ಟಿವಿಯಿಂದ ಆಂಪ್ಲಿಫೈಯರ್‌ಗೆ ಹೋಗುವ ಆರ್‌ಸಿಎ ಕೇಬಲ್ 3,000. ನನ್ನ ಎರಡು ಸ್ಪೀಕರ್‌ಗಳೇ ಸೇರಿ 22,000. ವೈರಿಗೆ ಅಷ್ಟು ಸುರಿದವನನ್ನು ಮನೆಯವರು ಹೇಗೆ ನೋಡಿರಬಹುದು, ನೀವೇ ಊಹಿಸಿ.

ಶೋಕಿಗೆ ಕೊಂಡಿದ್ದಲ್ಲ. ಹೊಸ ಆಂಪ್ಲಿಫೈಯರ್ ತಂದ ದಿನದಿಂದಲೂ ಸ್ಪೀಕರ್‌ನಲ್ಲಿ ಗುಂಯ್ ಅಂತ ಒಂದು ಸದ್ದು. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗುತ್ತಿರಲಿಲ್ಲ. ಸಿನಿಮಾ ಹಾಡಿನಲ್ಲಿ ಮುಚ್ಚಿಹೋಗುತ್ತಿತ್ತು, ಆದರೆ ರಾತ್ರಿ ಮಲ್ಲಿಕಾರ್ಜುನ ಮನ್ಸೂರರ ಆಲಾಪ ಹಾಕಿ ಕೂತರೆ ಶ್ರುತಿಗೆ ಸೇರದ ಇನ್ನೊಂದು ತಂಬೂರಿಯನ್ನು ಯಾರೋ ಪಕ್ಕದ ರೂಮಿನಲ್ಲಿ ಮೀಟುತ್ತಿದ್ದಾರೆ ಅನ್ನಿಸುತ್ತಿತ್ತು. ಅಂಗಡಿಯವರು ನೋಡೋಕೂ ಬರಲಿಲ್ಲ. "ವೈರ್ ಸರಿ ಇಲ್ಲ ಸಾರ್, ಬಾಕ್ಸ್ ಜೊತೆ ಬಂದಿರೋದು ಹಾಕಿದ್ರೆ ಇಷ್ಟೇ" ಅಂದರು. ಸ್ಪೀಕರ್ ಕೇಬಲ್ ಬಂತು, ಗುಂಯ್ ಹೋಗಲಿಲ್ಲ. "200 ಗಂಟೆ ಓಡಿಸಿ, ಪಳಗಬೇಕು" ಅಂದರು. ಓಡಿಸಿದೆ. ಆಮೇಲೆ ಆರ್‌ಸಿಎ, ಅದೂ ಆದ ಮೇಲೆ ಪವರ್ ಕಾರ್ಡ್. ಹೆಬ್ಬೆರಳು ಗಾತ್ರದ ಪವರ್ ಕಾರ್ಡ್ ಅದು, ಬಗ್ಗಿಸಿದರೆ ಬಗ್ಗುವುದಿಲ್ಲ, ಅದರ ಭಾರಕ್ಕೆ ಗೋಡೆಯ ಸಾಕೆಟ್ಟೇ ಸಡಿಲವಾಯಿತು. ಗುಂಯ್ ಮಾತ್ರ ಹಾಗೇ ಇತ್ತು.

ಒಂದು ರಾತ್ರಿ 11 ಗಂಟೆಗೆ ತಲೆಕೆಟ್ಟು, ಹಿಂದೆ ಇದ್ದ ಒಂದೊಂದೇ ಪಿನ್ ಕೀಳುತ್ತಾ ಹೋದೆ. ಕೊನೆಗೆ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿಯ ದಪ್ಪ ಕರಿ ವೈರನ್ನು ತಿರುಗಿಸಿ ಬಿಚ್ಚಿದೆ. ತಕ್ಷಣ ನಿಶ್ಶಬ್ದ. ಮತ್ತೆ ಮುಟ್ಟಿಸಿದೆ, ಗುಂಯ್. ಬಿಚ್ಚಿದೆ, ಇಲ್ಲ. ನಾಲ್ಕು ತಿಂಗಳ ಕಾಟ, ಬೆರಳ ತುದಿಯಲ್ಲಿತ್ತು.

ಆಗಿದ್ದು ಇಷ್ಟು. ಕೇಬಲ್ ಟಿವಿ ವೈರಿನ ಹೊರಜಾಲರಿ ಬೀದಿಯಲ್ಲಿ ಎಲ್ಲೋ ಒಂದು ಕಡೆ ಅರ್ತ್ ಆಗಿರುತ್ತದೆ. ನಮ್ಮ ಆಂಪ್ಲಿಫೈಯರ್ ಮೂರು ಪಿನ್ನಿನದು, ಅದು ಮನೆಯ ಅರ್ತ್‌ಗೆ ಸೇರಿದೆ. ಎರಡು ಅರ್ತ್‌ಗಳ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಅದರಿಂದ ಹುಟ್ಟುವ ಕರೆಂಟು ಸೆಟ್‌ಟಾಪ್ ಬಾಕ್ಸ್, ಟಿವಿ, ಆರ್‌ಸಿಎ ಕೇಬಲ್ ದಾಟಿ ಆಂಪ್ಲಿಫೈಯರ್‌ಗೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಆದ್ದರಿಂದ ಗುಂಯ್. ಈ ಸುತ್ತು ಕಡಿಯದೆ ಚಿನ್ನದ ಪಿನ್ ಹಾಕಿದರೂ ಅಷ್ಟೇ. ಅರ್ತ್ ಪಿನ್ ಮುರಿದು ಹಾಕಿ ಅಂತ ಸಲಹೆ ಕೊಡುವವರೂ ಇದ್ದಾರೆ. ಖಂಡಿತಾ ಬೇಡಿ, ಶಾಕ್ ಹೊಡೆದರೆ ಜೀವವೇ ಹೋಗಬಹುದು.

ಕೇಬಲ್ ಟಿವಿ ಬಿಚ್ಚಿಡೋಣ ಅಂದರೆ ಅಮ್ಮನ ಸೀರಿಯಲ್ಲು. ಹಾಗಾಗಿ ಟಿವಿಗೂ ಆಂಪ್ಲಿಫೈಯರ್‌ಗೂ ನಡುವೆ ಆಪ್ಟಿಕಲ್ ಕೇಬಲ್ ಹಾಕಿದೆ, 350 ರೂಪಾಯಿ. ಅದರಲ್ಲಿ ಹೋಗುವುದು ಬೆಳಕು. ಕರೆಂಟು ದಾಟೋಕೆ ದಾರಿಯೇ ಇಲ್ಲ.

ಇನ್ನು ದನಿಯ ಮಾತು. ದುಬಾರಿ ಸ್ಪೀಕರ್ ಕೇಬಲ್ ಹಾಕಿದ ಮೊದಲ ಸಂಜೆ "ಆಹಾ, ದನಿ ಅಗಲ ಆಯ್ತು" ಅಂತ ನಾನೇ ಎಲ್ಲರಿಗೂ ಹೇಳಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ಉಲ್ಟಾ ಸಿಕ್ಕಿಸಿದ್ದೆ. ಹಾಗೆ ಮಾಡಿದರೆ ದನಿ ಚೆದುರುತ್ತದೆ, ಬೇಸ್ ಸತ್ತುಹೋಗುತ್ತದೆ. ನಾನು ಮೆಚ್ಚಿದ ಅಗಲ ಅದೇ! ಆಮೇಲೆ ಎಸ್.ಪಿ. ರೋಡಿನ ವೈರು ತಂದು, ಬಾಮೈದನನ್ನು ಕೂರಿಸಿ, ಆಂಪ್ಲಿಫೈಯರ್ ಹಿಂಭಾಗಕ್ಕೆ ಟವೆಲ್ ಹೊದಿಸಿ ಪರೀಕ್ಷೆ ಮಾಡಿದೆವು. ಈಗ ಯಾವ ವೈರು ಅಂತ 12 ಸಲದಲ್ಲಿ ನಾನು ಸರಿಯಾಗಿ ಹೇಳಿದ್ದು 7. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ಎರಡು ಸಲ ಅವನು ವೈರನ್ನು ಬದಲಿಸಿಯೇ ಇರಲಿಲ್ಲವಂತೆ. "ಈಗ ಚೆನ್ನಾಗಿದೆ ನೋಡು" ಅಂದಿದ್ದೆ ನಾನು.

ಲೆಕ್ಕ ಹಾಕಿದರೂ ಅದೇ. 3 ಮೀಟರ್ ದೂರಕ್ಕೆ, ಹೋಗಿಬರುವ ಎರಡೂ ಎಳೆ ಸೇರಿಸಿ ಈ ವೈರಿನ ರೆಸಿಸ್ಟೆನ್ಸ್ ಸುಮಾರು 0.04 ಓಮ್. ಸ್ಪೀಕರ್ 8 ಓಮ್. ವೈರಿನದು ಅದರ ಶೇಕಡಾ 0.5 ಅಷ್ಟೇ. 2007ರಲ್ಲಿ ಅಮೆರಿಕದ ಜಾದೂಗಾರ, ಸುಳ್ಳು ಪವಾಡಗಳನ್ನು ಬಯಲಿಗೆಳೆಯುತ್ತಿದ್ದ ಜೇಮ್ಸ್ ರ್‍ಯಾಂಡಿ, ಸಾವಿರಾರು ಡಾಲರಿನ ಸ್ಪೀಕರ್ ಕೇಬಲನ್ನು ಕಿವಿಯಿಂದಲೇ ಗುರುತಿಸಿದರೆ 10 ಲಕ್ಷ ಡಾಲರ್ ಅಂತ ಸವಾಲು ಹಾಕಿದ್ದರು. ಆ ದುಡ್ಡು ಯಾರೂ ಗೆಲ್ಲಲಿಲ್ಲ.

ಎಚ್‌ಡಿಎಂಐ: ಟಿವಿಗೆ ಚಿತ್ರ, ದನಿ ಎರಡನ್ನೂ ಒಯ್ಯುವ ಈ ಕೇಬಲಿನಲ್ಲಿ ಚಿತ್ರ ಸರಿಯಾಗಿ ಬಂದರೆ ಸಾಕು, ಜಾಸ್ತಿ ಕೊಡಬೇಡಿ.

ಪವರ್ ಕಾರ್ಡ್: ಟ್ರಾನ್ಸ್‌ಫಾರ್ಮರಿನಿಂದ ಕಂಬ ಕಂಬ ದಾಟಿ ಅಲ್ಯೂಮಿನಿಯಂ ತಂತಿಯಲ್ಲಿ ಬಂದ ಕರೆಂಟನ್ನು ಕೊನೆಯ ಒಂದೂವರೆ ಮೀಟರ್ ವೈರು ಏನು ತೊಳೆಯುತ್ತದೆ?

ನಿಜವಾಗಿ ದನಿ ಬದಲಾಗಿದ್ದು ಬೇರೆ ಎರಡರಿಂದ. ಸ್ಪೀಕರ್‌ಗಳನ್ನು ಷೋಕೇಸಿನ ಗೂಡಿನಿಂದ ತೆಗೆದು, ಗೋಡೆಯಿಂದ ಎರಡಡಿ ಮುಂದೆ ಸ್ಟೂಲಿನ ಮೇಲೆ ಇಟ್ಟೆ. ಮೃದಂಗದ ತೊಪ್ಪಿ, ಅಂದರೆ ಎಡಗಡೆಯ ಮುಖ, ಡಬ ಡಬ ಅನ್ನುವುದು ನಿಂತಿತು. ಮತ್ತೊಂದು, ಅತ್ತೆ ಕೊಟ್ಟಿದ್ದ ನವಲಗುಂದದ ಜಮಖಾನೆಯನ್ನು ಅಟ್ಟದಿಂದ ಇಳಿಸಿ ಟೈಲ್ಸ್ ಮೇಲೆ ಹಾಸಿದೆ, ಕಿಟಕಿಗೆ ದಪ್ಪ ಪರದೆ ಬಿಟ್ಟೆ. ಮೊದಲು ಹಾಲ್ ಮಧ್ಯೆ ನಿಂತು ಚಪ್ಪಾಳೆ ತಟ್ಟಿದರೆ ಟಿಣ್ ಅಂತ ಬಾಲ ಉಳಿಯುತ್ತಿತ್ತು. ಈಗ ಸುಮ್ನೆ ಟಪ್ ಅನ್ನುತ್ತದೆ. ಜಮಖಾನೆ ತೆಳು, ಬೇಸ್‌ಗೆ ಏನೂ ಮಾಡುವುದಿಲ್ಲ. ಆದರೆ ಹಾಡುವವರ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ನಾನು ರಾತ್ರಿ ಒಂದು ಗಂಟೆ ಕೇಳುವವನು, ಅದೂ ಸಣ್ಣ ದನಿಯಲ್ಲಿ. ಮನೆ ಸಾಲವೂ ಇದೆ. ನನ್ನಂಥವರು ಮಿಕ್ಕ ದುಡ್ಡನ್ನು ಸ್ಪೀಕರಿಗೇ ಹಾಕಿ. ಅಂಗಡಿಯವರು ಕೇಬಲ್ ವಾಪಸ್ ತಗೊಳ್ಳಲಿಲ್ಲ. 7,000ದ ಪವರ್ ಕಾರ್ಡ್ ಈಗ ಕಂಪ್ಯೂಟರ್ ಮಾನಿಟರ್‌ಗೆ ಸಿಕ್ಕಿಸಿದ್ದೇನೆ. ಭಾರಕ್ಕೆ ಅಲ್ಲೂ ಆಗಾಗ ಕಳಚಿಕೊಳ್ಳುತ್ತದೆ.