ಸೈಟು, ಫ್ಲ್ಯಾಟು, ರೀಟು: ಮೂರಕ್ಕೂ ದುಡ್ಡು ಹಾಕಿ ಕಂಡಿದ್ದು

ಹೋದ್ ವಾರ ಚಿಕ್ಕಪ್ಪನ ಮಗ ಫೋನ್ ಮಾಡಿ "ಅಣ್ಣಾ, 8 ಲಕ್ಷ ಕೂಡಿಟ್ಟಿದೀನಿ, ಸೈಟ್ ತಗೊಳ್ಲಾ, ಇಲ್ಲಾ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡ್ಲಾ" ಅಂದ. ಫೋನಲ್ಲಿ ಹೇಳಿ ಮುಗಿಯೋ ಕಥೆ ಅಲ್ಲ ಇದು. ನಾನು ಈ ಎರಡಕ್ಕೂ, ಜೊತೆಗೆ ರೀಟಿಗೂ (ದೊಡ್ಡ ಕಟ್ಟಡಗಳಲ್ಲಿ ಷೇರಿನ ತರ ದುಡ್ಡು ಹಾಕೋದು) ದುಡ್ಡು ಹಾಕಿದೀನಿ.

ನಾನು ಶುರು ಮಾಡಿದ್ದು ಸೈಟಿಂದ. 2016ರಲ್ಲಿ ನೆಲಮಂಗಲ ದಾಟಿ ಪಂಚಾಯ್ತಿ ಲಿಮಿಟ್‌ನಲ್ಲಿ ಒಂದು 30-40, 9 ಲಕ್ಷಕ್ಕೆ. ಏಜೆಂಟು "ಡಿಸಿ ಕನ್ವರ್ಷನ್ ಆಗಿದೆ ಸಾರ್, ಕಣ್ಮುಚ್ಕೊಂಡ್ ತಗೊಳಿ" ಅಂದ, ನಾನೂ ಕಣ್ಮುಚ್ಕೊಂಡೇ ತಗೊಂಡೆ. ಕನ್ವರ್ಷನ್ (ಹೊಲದ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ಡಿಸಿ ಆದೇಶ) ಆಗಿದ್ದು ನಿಜಾನೇ, ಆದ್ರೆ ಕನ್ವರ್ಷನ್ ಬೇರೆ, ಲೇಔಟ್ ಪ್ಲಾನ್ ಅಪ್ರೂವಲ್ ಬೇರೆ ಅಂತ ಗೊತ್ತಾಗಿದ್ದು ಇ-ಸ್ವತ್ತಲ್ಲಿ (ಪಂಚಾಯ್ತಿ ಆಸ್ತಿ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಫಾರಂ 11ಬಿ, ಅಂದ್ರೆ ಪ್ಲಾನ್ ಅಪ್ರೂವ್ ಆಗ್ದಿರೋ ಸೈಟಿಗೆ ಕೊಡೋ ದಾಖಲೆ, ಕೈಗೆ ಬಂದಾಗ. ಮನೆ ಕಟ್ಟೋಕೆ ಲೋನ್ ಕೇಳಿದ್ರೆ ಬ್ಯಾಂಕಲ್ಲಿ ಫೈಲ್ ತಿರುವಿ ನೋಡಿ ವಾಪಸ್ ಕೊಟ್ರು. ಮಾರಕ್ಕೆ ಹೋದ್ರೂ ಅದೇ ಗೋಳು, ತಗೊಳೋನಿಗೆ ಲೋನ್ ಸಿಗಲ್ಲ ಅಂದ್ಮೇಲೆ ಪೂರ್ತಿ ಕ್ಯಾಶ್ ಇರೋನೇ ಬರ್ಬೇಕು, ಅವ್ನು ಹೇಳಿದ್ದೇ ರೇಟು. ಇದರ ಮೇಲೆ ಕಾವಲು ಬೇರೆ. ಆರು ತಿಂಗ್ಳು ಆ ಕಡೆ ತಲೆ ಹಾಕ್ಲಿಲ್ಲ, ಹೋಗಿ ನೋಡಿದ್ರೆ ಪಾರ್ಥೇನಿಯಂ ಎದೆ ಮಟ್ಟ, ಯಾರದ್ದೋ ಎರಡು ಲೋಡ್ ಜಲ್ಲಿ, ನಮ್ಮ ಮೂಲೆ ಕಲ್ಲು ಮಾತ್ರ ಇಲ್ಲ. ಹುಡುಕಿದ್ರೆ ಪಕ್ಕದ ಮನೆ ಬಚ್ಚಲ ಮುಂದೆ ಮೆಟ್ಲಾಗಿ ಕೂತಿತ್ತು! ಹಂಗಂತ ಬೆಲೆ ಏರಿಲ್ಲ ಅಂತ ಅಲ್ಲ, ಮೂರರಲ್ಲಿ ಜಾಸ್ತಿ ಏರಿದ್ದು ಇದೇ. ಕೈಗೆ ಸಿಗ್ತಿಲ್ಲ ಅಷ್ಟೇ.

2019ರಲ್ಲಿ ಬೆಂಗ್ಳೂರಲ್ಲೇ 2 ಬಿಎಚ್‌ಕೆ ರೀಸೇಲ್ ಫ್ಲ್ಯಾಟು, 52 ಲಕ್ಷ. ಸ್ಟ್ಯಾಂಪ್ ಡ್ಯೂಟಿ, ಸೆಸ್ಸು, ರಿಜಿಸ್ಟ್ರೇಷನ್ ಎಲ್ಲಾ ಸೇರಿ ಆಗ ನೂರಕ್ಕೆ 6.6, ಅಂದ್ರೆ 3.4 ಲಕ್ಷ ಮೊದಲ್ನೇ ದಿನಾನೇ ಹೋಯ್ತು (ಈಗ ರಿಜಿಸ್ಟ್ರೇಷನ್ ಫೀ 1ರಿಂದ 2 ಪರ್ಸೆಂಟ್ ಆಗಿ ಒಟ್ಟು 7.6). 50 ಲಕ್ಷ ದಾಟಿದ್ರೆ ತಗೊಳೋನೇ ಮಾರೋನಿಗೆ ಕೊಡೋ ದುಡ್ಡಲ್ಲಿ 1 ಪರ್ಸೆಂಟ್ ಟಿಡಿಎಸ್ (ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಬೇಕು ಅನ್ನೋದು ಯಾರೂ ಹೇಳ್ಲಿಲ್ಲ, ಲೇಟಾಗಿದ್ದಕ್ಕೆ ದಿನಕ್ಕೆ 200ರ ಲೆಕ್ಕದಲ್ಲಿ ಫೀ ಕಟ್ಟಿದೆ. ಬಾಡಿಗೆ 18 ಸಾವಿರ, ಇಎಂಐ 35 ಸಾವಿರ. ಲಾಕ್‌ಡೌನಲ್ಲಿ ಐದು ತಿಂಗ್ಳು ಖಾಲಿ, ಆಗ ಮೇಂಟೆನೆನ್ಸೂ ನಮ್ದೇ ತಲೆ ಮೇಲೆ. ಬಾಡಿಗೆಯವ್ರು ಒಳ್ಳೇವ್ರೇ, ಆದ್ರೂ ಗೀಸರ್ ಕೆಟ್ರೆ ರಾತ್ರಿ ಹತ್ತು ಗಂಟೆಗೂ ಫೋನು. ವಾಸಕ್ಕೆ ಅಂತ ತಗೊಂಡ್ರೆ ಫ್ಲ್ಯಾಟು ಸರಿ, ಬಾಡಿಗೆ ಆಸೆಗೆ ಲೋನ್ ಮಾಡಿ ತಗೋಬೇಡಿ ಅಂತೀನಿ.

ರೀಟ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಆಫೀಸು, ಮಾಲು ಇಟ್ಕೊಂಡು ಬಾಡಿಗೆಗೆ ಕೊಡೋ ಟ್ರಸ್ಟು, ಅದ್ರ ಪಾಲನ್ನ (ಯೂನಿಟ್) ಷೇರಿನ ತರ ಡಿಮ್ಯಾಟ್ ಅಕೌಂಟಲ್ಲಿ ಕೊಳ್ಳೋದು, ಕೈಗೆ ಬರೋ ಆದಾಯದಲ್ಲಿ ಕನಿಷ್ಠ 90 ಪರ್ಸೆಂಟ್ ಹಂಚಲೇಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿ ರೂಲು. ನಮ್ ದೇಶದ ಮೊದಲ್ನೇದು 2019ರಲ್ಲಿ ಲಿಸ್ಟ್ ಆದ ಎಂಬೆಸಿದು, ಹೆಬ್ಬಾಳದ ಹತ್ರ ಇರೋ ಮಾನ್ಯತಾ ಟೆಕ್ ಪಾರ್ಕ್ ಅದ್ರದ್ದೇ. 2021ರಲ್ಲಿ ಒಂದೊಂದೇ ಯೂನಿಟ್ ಕೊಳ್ಬೋದು ಅಂತ ಆದ್ಮೇಲೆ ನಾನೂ ಅದ್ರದ್ದೇ ಒಂದಷ್ಟು ತಗೊಂಡೆ. ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಾಗೆಲ್ಲಾ ಹೆಂಡ್ತಿ "ನೋಡ್ರೀ, ನಿಮ್ಮ ಆಸ್ತಿಗೆ ಎಷ್ಟ್ ಜನ ಬರ್ತಿದಾರೆ" ಅಂತ ಕಾಲೆಳೀತಾಳೆ. ಬಡ್ಡಿ ದರ ಏರಿದಾಗ ಯೂನಿಟ್ ರೇಟು ಇಳಿದು ಹೊಟ್ಟೆ ಉರೀತು, ಆದ್ರೆ ಮೂರು ತಿಂಗ್ಳಿಗೊಮ್ಮೆ ದುಡ್ಡು ಬೀಳೋದು ನಿಲ್ಲಲಿಲ್ಲ. ಅಪ್ಪನ ಆಸ್ಪತ್ರೆ ಖರ್ಚಿಗೆ ಬೇಕಾದಾಗ ಸೋಮವಾರ ಮಾರಿದೆ, ಅದೇ ವಾರ ಅಕೌಂಟಿಗೆ ಬಂತು. ಸೈಟು ಆಗ ಎರಡು ವರ್ಷದಿಂದ ಮಾರಾಟಕ್ಕಿತ್ತು.

ತಮ್ಮನಿಗೆ ಹೇಳಿದ್ದಿಷ್ಟು: 2 ಲಕ್ಷ ರೀಟಲ್ಲಿ ಹಾಕು, ಮಿಕ್ಕಿದ್ದು ಎಫ್‌ಡಿಲಿರ್ಲಿ, ಸೈಟ್ ಇಷ್ಟ ಆದ್ರೆ ಅಡ್ವಾನ್ಸ್ ಕೊಡೋಕ್ ಮುಂಚೆ ಪೇಪರ್ ತಗೊಂಡು ಬ್ಯಾಂಕಿಗೆ ಹೋಗಿ ಲೋನ್ ಕೊಡ್ತೀರಾ ಕೇಳು, ನಿಂಗೆ ಲೋನ್ ಬೇಡ್ದೆ ಇದ್ರೂ ಕೇಳು. ಇಸಿ (ಆಸ್ತಿ ಮೇಲೆ ಸಾಲ, ಮಾರಾಟ ಏನೇನಾಗಿದೆ ಅಂತ ತೋರ್ಸೋ ಋಣಭಾರ ಪತ್ರ), ಮೂಲ ಪತ್ರ ನೋಡೋಕೆ ಏಜೆಂಟ್ ಹೇಳೋ ಲಾಯರ್ ಬೇಡ, ನಮ್ ಕಡೆಯವ್ರಿಗೆ ಕೊಡು. ಅವ್ನು "ಆಯ್ತಣ್ಣಾ" ಅಂದು ಎರಡೇ ದಿನಕ್ಕೆ ದಾಬಸ್‌ಪೇಟೆ ಹತ್ರದ ಸೈಟಿನ ಫೋಟೋ ಕಳ್ಸಿದಾನೆ. ಭಾನುವಾರ ಹೋಗ್ತಿದೀವಿ. ಫೋನಿಗೆ ಸರ್ಕಾರದ ದಿಶಾಂಕ್ ಆಪ್ ಹಾಕ್ಕೊಂಡಿರು, ನಿಂತ ಜಾಗದಲ್ಲೇ ಸರ್ವೆ ನಂಬರ್ ತೋರ್ಸುತ್ತೆ ಅಂದಿದೀನಿ.